ಸಂದ 2025: ಎರಡು ಊರುಗಳ ಲೆಕ್ಕ

ಸೀವುಡ್ಸ್, ನೆರೂಳು, ಬೇಲಾಪುರಗಳಲ್ಲಿ ನೆಲೆಸಿದ ಕನ್ನಡಿಗನು ಸಂದ 2025ನೆಯ ವರ್ಷದ ಲೆಕ್ಕವನ್ನು ಒಂದೇ ಪುಟದಲ್ಲಿ ಬರೆಯುವಂತಿಲ್ಲ. ಅವನ ಅನ್ನ ಇಲ್ಲಿ, ಕರುಳು ಅಲ್ಲಿ. ಈ ವರ್ಷವಾದರೋ ಅಲ್ಲಿನ ದುಃಖವೊಂದು ಇಲ್ಲಿನ ಸಂಭ್ರಮವಾಗಿ ಬಂದ ವಿಚಿತ್ರವನ್ನೂ ಕಂಡೆವು.

ಜೂನ್ 3ರ ರಾತ್ರಿ ಬೆಂಗಳೂರಿನ ತಂಡವು ಅಹಮದಾಬಾದಿನಲ್ಲಿ ಪಂಜಾಬನ್ನು 6 ಓಟಗಳಿಂದ ಸೋಲಿಸಿ, ಹದಿನೆಂಟನೆಯ ಪ್ರಯತ್ನದಲ್ಲಿ ಪ್ರಥಮವಾಗಿ ಐ.ಪಿ.ಎಲ್. ಪ್ರಶಸ್ತಿಯನ್ನು ಪಡೆಯಿತು. ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ಸರಕಾರವು ನಗರದ ಪೋಲೀಸ್ ಆಯುಕ್ತರನ್ನು ಅಮಾನತಿನಲ್ಲಿರಿಸಿತು, ವಿಚಾರಣೆಗಳು ನಡೆದುವು. ಗೆದ್ದವರನ್ನು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮೆರೆಸಲೇಬೇಕೆಂಬ ಆತುರಕ್ಕೆ ನಮಗೆ ಈವರೆಗೆ ಸಮಾಧಾನಕರವಾದ ಕಾರಣ ಕಂಡಿಲ್ಲ.

ಈ ದುರಂತದ ತರುವಾಯ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿಗೆ ತಪ್ಪಿದುವು. ಆಗಸ್ಟ್ ತಿಂಗಳಲ್ಲಿ ಅವನ್ನು ನಮ್ಮ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ ವಹಿಸಲಾಯಿತು. ಅಕ್ಟೋಬರ್ 30ರಂದು ಇಲ್ಲಿಯೇ ಜೆಮಿಮಾ ರೋಡ್ರಿಗಸ್ ಅಜೇಯ 127 ಓಟ ಗಳಿಸಿ ಆಸ್ಟ್ರೇಲಿಯವನ್ನು ಮಣಿಸಿದರು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಈ ತರುಣಿ ಮಂಗಳೂರು ಮೂಲದ ಕುಟುಂಬದವರೆಂಬುದನ್ನು ನಮ್ಮ ಕರಾವಳಿಯ ವಾಚಕರಿಗೆ ನೆನಪಿಸಬೇಕಾಗಿಲ್ಲ. ಅವರೇ ನಮಗೆ ಹಲವು ಬಾರಿ ನೆನಪಿಸಿದ್ದಾರೆ. ನವೆಂಬರ್ 2ರ ಅಂತಿಮ ಪಂದ್ಯವು ಮಳೆಯಿಂದ ಎರಡು ಗಂಟೆ ತಡವಾಗಿ ಆರಂಭವಾಗಿ, ನಡುರಾತ್ರಿಯ ಹೊತ್ತಿಗೆ ದಕ್ಷಿಣ ಆಫ್ರಿಕದ ವಿರುದ್ಧ ಭಾರತಕ್ಕೆ 52 ಓಟಗಳ ಜಯವನ್ನು ತಂದಿತು. ದೀಪ್ತಿ ಶರ್ಮಾ 58 ಓಟಗಳನ್ನೂ ಐದು ವಿಕೆಟುಗಳನ್ನೂ ಗಳಿಸಿದರು. ಹನ್ನೊಂದು ಮನೆಗಳಲ್ಲಿ ದೀಪ ನಂದಿದ್ದರಿಂದ ಈ ಭಾಗ್ಯ ನಮ್ಮ ಬೀದಿಗೆ ಬಂದಿತೆಂಬ ವಿಚಾರವು ಆ ರಾತ್ರಿಯ ಪಟಾಕಿಯ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಾರದು.

ರಾಜಕೀಯದ ಮಾತಿಗೆ ಬಂದರೆ, ವರ್ಷವು ಭಾಷೆಯ ಜಗಳದಿಂದಲೇ ಮೊದಲಾಯಿತು. ಫೆಬ್ರವರಿಯಲ್ಲಿ ಬೆಳಗಾವಿಯ ಬಳಿ ಮರಾಠಿಯಲ್ಲಿ ಉತ್ತರಿಸಲಿಲ್ಲವೆಂದು ಕರ್ನಾಟಕದ ಬಸ್ ನಿರ್ವಾಹಕನೊಬ್ಬನಿಗೆ ಪೆಟ್ಟು ಬಿದ್ದಿತು. ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿಗೆ ಅದರ ಸೇಡು ತಗಲಿತು. ಗಡಿಯ ಬಸ್ ಸಂಚಾರ ನಿಂತಿತು. ಮಾರ್ಚ್ 22ರಂದು ಕರ್ನಾಟಕ ಬಂದ್ ಆಯಿತು. ಏಟು ತಿಂದವರು ಎರಡು ಕಡೆಯೂ ಸಂಬಳದ ನೌಕರರೇ. ಇತ್ತ ಒಂದನೆಯ ತರಗತಿಯಿಂದ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಲಿಸುವ ಆಜ್ಞೆಯನ್ನು ಮಹಾರಾಷ್ಟ್ರ ಸರಕಾರವು ವಿರೋಧದ ಭಾರಕ್ಕೆ ಜೂನ್ 29ರಂದು ಹಿಂತೆಗೆದುಕೊಂಡಿತು.

ಜುಲೈ ತಿಂಗಳು ನಮ್ಮವರ ಪಾಲಿಗೆ ಕಹಿಯಾಗಿತ್ತು. ಮುಂಬಯಿಯ ಆಕಾಶವಾಣಿ ಶಾಸಕ ನಿವಾಸದ ಉಪಾಹಾರಗೃಹದಲ್ಲಿ ಬೇಳೆ ಹಳಸಿತ್ತೆಂದು ಶಾಸಕರೊಬ್ಬರು ಕೆಲಸಗಾರನ ಮೇಲೆ ಕೈಮಾಡಿದರು. ಆ ಬಳಿಕ ದಕ್ಷಿಣದವರ ಹೊಟೇಲುದಾರಿಕೆಯನ್ನೇ ಹಳಿದರು. ಆಹಾರ ಕೆಟ್ಟಿದ್ದರೆ ಅದಕ್ಕೆ ಕಾನೂನುಂಟು, ಪರೀಕ್ಷಾಧಿಕಾರಿಗಳುಂಟು. ತಟ್ಟೆ ಹಿಡಿದು ನಿಂತವನ ಕೆನ್ನೆ ಅದಕ್ಕೆ ಉತ್ತರ ಕೊಡಬೇಕಾದ ಸ್ಥಳವಲ್ಲ. ಅದೇ 14ರಂದು ಮದ್ಯದ ಮೇಲಿನ ತೆರಿಗೆ ಹಾಗೂ ಪರವಾನಗಿ ಶುಲ್ಕದ ಏರಿಕೆಯನ್ನು ಪ್ರತಿಭಟಿಸಿ 'ಆಹಾರ್' ಸಂಸ್ಥೆಯ ಕರೆಯಂತೆ ರಾಜ್ಯದ ಬಾರು-ರೆಸ್ಟೋರಂಟುಗಳು ಮುಚ್ಚಿದುವು. ಮಾಲಿಕರ ಅಹವಾಲು ನ್ಯಾಯವಾದದ್ದೇ ಇರಬಹುದು. ಆದರೆ ಬಾಗಿಲು ಮುಚ್ಚಿದ ದಿನ ಬಕ್ಷೀಸು ಇಲ್ಲದ ಮಾಣಿಯ ಅಹವಾಲನ್ನು ಯಾವ ಸಂಸ್ಥೆಯೂ ಬರೆದು ಸಲ್ಲಿಸಲಿಲ್ಲ.

ಸಾಹಿತ್ಯದಲ್ಲಿ ಮಾತ್ರ ಕನ್ನಡಕ್ಕೆ ಅಪೂರ್ವವಾದ ವರ್ಷ. ಮೇ 20ರಂದು ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್', ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಗೆದ್ದಿತು. ಸಣ್ಣಕಥೆಗಳ ಸಂಗ್ರಹಕ್ಕೆ ಅದು ದೊರೆತುದೂ ಇದೇ ಪ್ರಥಮ. ಅವರೇ ಮೈಸೂರು ದಸರೆಯನ್ನು ಉದ್ಘಾಟಿಸಲಾಗದೆಂದು ಕೆಲವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು, ಬರಿಗೈಯಲ್ಲಿ ಮರಳಿದರು. ಸೆಪ್ಟೆಂಬರ್ 22ರಂದು ಉದ್ಘಾಟನೆ ನಡೆಯಿತು. ಅದಾದ ಎರಡೇ ದಿನಕ್ಕೆ ಎಸ್.ಎಲ್. ಭೈರಪ್ಪನವರು ತೀರಿಕೊಂಡರು. ವಿಚಾರದಲ್ಲಿ ಇವರಿಬ್ಬರೂ ಎರಡು ದಡಗಳು. ಆದರೂ ಭೈರಪ್ಪನವರು ತಾರುಣ್ಯದಲ್ಲಿ ಮುಂಬಯಿಗೆ ಬಂದು ರೈಲು ನಿಲ್ದಾಣದಲ್ಲಿ ಹಮಾಲಿಯಾಗಿ ಗಂಟು ಹೊತ್ತವರು. ಅವರ ವಿಚಾರಗಳನ್ನು ಒಪ್ಪದವನೂ ಈ ಊರಿನಲ್ಲಿ ಅವರನ್ನು ಪರಕೀಯರೆನ್ನಲಾರನು.

ಅಕ್ಟೋಬರ್ 8ರಂದು ಉದ್ಘಾಟನೆಗೊಂಡ ನವಿಮುಂಬಯಿ ವಿಮಾನ ನಿಲ್ದಾಣದಲ್ಲಿ ಸಂಚಾರ ಪ್ರಾರಂಭವಾದುದು ಡಿಸೆಂಬರ್ 25ರಂದು. ಬೆಳಗ್ಗೆ ಅಲ್ಲಿ ಮೊಟ್ಟಮೊದಲು ಇಳಿದ ಪ್ರಯಾಣಿಕ ವಿಮಾನ ಬೆಂಗಳೂರಿನದು. ಕಚೇರಿಯ ದೊಡ್ಡವರಿಗೆ ಇದು ಅನುಕೂಲವೇ. ಕುಂದಾಪುರ, ಉಡುಪಿಗಳಿಗೆ ಹೋಗಬೇಕಾದ ನಮ್ಮ ಮಾಣಿಗಳೂ ಗುಮಾಸ್ತರೂ ಟ್ರಂಕು ಹಿಡಿದು ಪನವೇಲಿನ ಪ್ಲಾಟ್‌ಫಾರ್ಮಿನಲ್ಲಿ ಮತ್ಸ್ಯಗಂಧವನ್ನೇ ಕಾಯುತ್ತಿದ್ದಾರೆ.