ಎಮ್ಮಿಗೆ ಡಾಕ್ಟರ್ ಬರ್ತಾರ, ಅವ್ವಗ?

ಅಕ್ಟೋಬರ್ ಬಂತಂದ್ರೆ ಕ್ಯಾಂಪಸ್ಸಿನಲ್ಲಿ ಗುಲಾಬಿ ರಿಬ್ಬನ್ ಹಂಚುತ್ತಾರೆ. ನಾವೂ ಅದನ್ನು ಚುಚ್ಚಿಕೊಂಡು ಫೋಟೋ ತೆಗೆಸಿ ಸ್ಟೇಟಸ್ಸಿಗೆ ಹಾಕುತ್ತೇವೆ. ಪೋಸ್ಟರ್ ಎಲ್ಲ ಇಂಗ್ಲಿಷಿನಲ್ಲಿ, ಓದುವವರು ಹತ್ತೊಂಬತ್ತು-ಇಪ್ಪತ್ತು ವಯಸ್ಸಿನ ನಾವೇ. ಆದರೆ ಸ್ತನ ಕ್ಯಾನ್ಸರ್ ತಪಾಸಣೆ ಆಗಬೇಕಾದದ್ದು ಮೂವತ್ತು ದಾಟಿದ ಹೆಂಗಸರಿಗೆ. ಅಂದರೆ ನಮ್ಮ ಅವ್ವಂದಿರಿಗೆ, ಕಾಕುಗಳಿಗೆ, ಅತ್ತಿಯರಿಗೆ. ಅವರು ಆ ತಿಂಗಳು ಸೋಯಾಬೀನ್ ರಾಶಿ ಮಾಡ್ತಾ ಹೊಲದಲ್ಲಿ ಇರ್ತಾರೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಬಂದವರು ನಮ್ಮಲ್ಲಿ ಸಾಕಷ್ಟು ಜನ ಇದ್ದೇವೆ. ಮನೆಯಲ್ಲಿ ಎಮ್ಮೆ ಕಟ್ಟಿದವರಿಗೆ ಕೆಚ್ಚಲ ಬಾವು ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಿಂಡಲು ಕೂತ ಅವ್ವನ ಕೈಗೆ ಕೆಚ್ಚಲು ಸ್ವಲ್ಪ ಗಟ್ಟಿ ಅನ್ನಿಸಿದರೆ ಸಾಕು, ಅವತ್ತೇ ದನದ ಡಾಕ್ಟರಿಗೆ ಫೋನ್ ಹೋಗುತ್ತದೆ. ಅಪ್ಪ, ಅಜ್ಜ, ಬಾಜೂ ಮನೆಯವರು ಎಲ್ಲರೂ ಸುತ್ತ ನಿಂತು ಮಾತಾಡ್ತಾರೆ. ಯಾರಿಗೂ ನಾಚಿಕೆ ಇಲ್ಲ. ಅದೇ ಕೈಗೆ ತನ್ನ ಎದೆಯಲ್ಲಿ ಒಂದು ಗಂಟು ಸಿಕ್ಕರೆ ಆ ಸುದ್ದಿ ಸೆರಗಿನೊಳಗೇ ಉಳಿಯುತ್ತದೆ. ಒಂದು ತಿಂಗಳು, ಆರು ತಿಂಗಳು. ಶುರುವಿನಲ್ಲಿ ಅಂಥ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ. "ನೋವಿಲ್ಲಲ್ಲ, ಇರ್ಲಿ ಬಿಡು" ಅಂತ ಮುಂದೆ ಹಾಕುವುದು ಇದಕ್ಕೇ.

ಮಾತಿನ ಸಮಸ್ಯೆಯೂ ಇದೆ, ಕನ್ನಡ ಸಂಘದವರಾದ ನಾವು ಅದನ್ನು ಒಪ್ಪಿಕೊಳ್ಳಬೇಕು. ‘ಸ್ತನ’ ಅನ್ನೋ ಶಬ್ದ ಪುಸ್ತಕದಲ್ಲಿದೆ, ಮನೆಯಲ್ಲಿ ಯಾರೂ ಆಡೋದಿಲ್ಲ. ‘ಮಲಿ’ ಅನ್ನೋದು ಕೂಸಿಗೆ ಹಾಲು ಕುಡಿಸುವ ತನಕ ಮರ್ಯಾದೆಯ ಮಾತು, ಆಮೇಲೆ ಬೈಗುಳದ ಹಾಗೆ ಕೇಳಿಸುತ್ತದೆ. ‘ಎದ್ಯಾಗ ಏನೋ ಆಗೇತಿ’ ಅಂದರೆ ಮನೆಯವರು ಹಾರ್ಟು ಅಂತ ತಿಳಿದು ಇಸಿಜಿ ಮಾಡಿಸೋಣ ಅಂತಾರೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಕಲಿತ ನಮಗೆ ‘ಬ್ರೆಸ್ಟ್ ಕ್ಯಾನ್ಸರ್’ ಸಲೀಸಾಗಿ ಬರುತ್ತದೆ. ಅವ್ವನ ಮುಂದೆ ಅದನ್ನೇ ಕನ್ನಡದಲ್ಲಿ ಹೇಳು ಅಂದ್ರೆ ನಾಲಿಗೆ ಏಳೋದಿಲ್ಲ.

ಇದು ನಾಚಿಕೊಂಡು ಕೂರುವಷ್ಟು ಸಣ್ಣ ವಿಷಯ ಅಲ್ಲ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದು. ಗ್ಲೋಬೋಕಾನ್ ಅಂದಾಜಿನ ಪ್ರಕಾರ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು, ಸುಮಾರು 98 ಸಾವಿರ ಸಾವು. ಇನ್ನು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನವರನ್ನು ಕೇಳಿದಾಗ, ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇಕಡಾ 0.9. ನೂರಕ್ಕೆ ಒಬ್ಬಾಕೆಯೂ ಪೂರ್ತಿ ಇಲ್ಲ.

ಇದನ್ನು ಹೇಳಿದ ತಕ್ಷಣ ನಮ್ಮ ಗೆಳೆಯರಲ್ಲಿ ಒಬ್ಬರಾದರೂ "ಎಐ ಮಾಡೆಲ್ ಮಾಡೋಣ, ಮಿನಿ ಪ್ರಾಜೆಕ್ಟ್ ಆಗ್ತದ" ಅಂತಾರೆ. ಮಾಡಲಿ, ಬೇಡ ಅನ್ನೋದಿಲ್ಲ. ಆದರೆ ಇಲ್ಲಿ ತಡ ಆಗುತ್ತಿರುವುದು ಮಷೀನ್ ಇಲ್ಲ ಅಂತ ಮಾತ್ರ ಅಲ್ಲ. ಮುಂಬೈನ ಟಾಟಾ ಮೆಮೋರಿಯಲ್‌ನವರು 1998ರಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದರು. ಸುಮಾರು ಒಂದೂವರೆ ಲಕ್ಷ ಹೆಂಗಸರು, ಇಪ್ಪತ್ತು ವರ್ಷ. ಮ್ಯಾಮೊಗ್ರಾಮ್ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡುತ್ತಿದ್ದರು, ಅಷ್ಟೇ. 2021ರಲ್ಲಿ ಫಲಿತಾಂಶ ಬಂತು: ರೋಗ ಮೊದಲಿನ ಹಂತದಲ್ಲೇ ಸಿಕ್ಕಿತು, ಐವತ್ತು ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30ರಷ್ಟು ಇಳಿಯಿತು. ಐವತ್ತರೊಳಗಿನವರಲ್ಲಿ ಸಾವು ಅಷ್ಟು ಇಳಿಯಲಿಲ್ಲ, ಅದನ್ನೂ ಹೇಳಬೇಕು. ಕೇಂದ್ರ ಸರಕಾರದ 2016ರ ಮಾರ್ಗಸೂಚಿಯೂ ಹೇಳುವುದು ಕೈ ತಪಾಸಣೆಯನ್ನೇ, 30ರಿಂದ 65ರವರಿಗೆ, ಐದು ವರ್ಷಕ್ಕೊಮ್ಮೆ.

ಅಂದ್ರೆ ಮೊದಲ ತಪಾಸಣೆಗೆ ಬೇಕಾದದ್ದು ಕಲಿತ ಒಂದು ಜೋಡಿ ಕೈ, ಬಾಗಿಲು ಹಾಕಿಕೊಳ್ಳುವ ಒಂದು ಖೋಲಿ, ಹತ್ತು ನಿಮಿಷ. ಆ ಹತ್ತು ನಿಮಿಷವೇ ಸಿಗೋದಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವರಿಗೆ ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ, ಎದ್ದು ಹೋದರೆ ಅಷ್ಟು ಹೊತ್ತಿನ ದುಡ್ಡು ಹೋಯ್ತು. ರಾಯಬಾಗ, ಅಥಣಿ ಕಡೆ ಕಾರ್ಖಾನೆ ಶುರುವಾದರೆ ಕಬ್ಬಿನ ಕೆಲಸ. ದೊಡ್ಡ ದವಾಖಾನೆ ಅಂದ್ರೆ ಕಾಗವಾಡದವರು ಮಿರಜ-ಸಾಂಗ್ಲಿ ಕಡೆ, ನಿಪ್ಪಾಣಿಯವರು ಕೊಲ್ಲಾಪುರದ ಕಡೆ ಮುಖ ಮಾಡ್ತಾರೆ. "ಅಲ್ಲಿ ತನಕ ಯಾರ ಜೋಡಿ ಹೋಗಲಿ, ಎಷ್ಟು ಬಿಲ್ ಮಾಡ್ತಾರೋ" ಅನ್ನೋ ಹೆದರಿಕೆಗೆ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ವಿಚಾರಿಸಬಹುದು ಅನ್ನೋದೇ ಮರೆತು ಹೋಗುತ್ತದೆ. ಅಲ್ಲಿನ ಎಎನ್‌ಎಂ ಅಕ್ಕನನ್ನು ಪೋಲಿಯೋ ಹನಿಗೆ, ಇಂಜೆಕ್ಷನ್ನಿಗೆ ಕರೆಯುತ್ತೇವೆ, ಇದಕ್ಕೆ ಕರೆಯೋದಿಲ್ಲ. ಮುಂದೆ ಚಿಕಿತ್ಸೆ ಬೇಕಾದರೂ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದ ತನಕ ಸೌಲಭ್ಯ ಇದೆ. ಇನ್ನೊಂದು ಮಾತು, ಸಿಗುವ ಗಂಟುಗಳಲ್ಲಿ ಬಹಳಷ್ಟು ಕ್ಯಾನ್ಸರ್ ಆಗಿರೋದೇ ಇಲ್ಲ. ಇದನ್ನು ಮೊದಲೇ ಹೇಳಿದರೆ ಅರ್ಧ ಹೆದರಿಕೆ ಕಮ್ಮಿ ಆದೀತು.

ಹುಡುಗರು ಇದನ್ನು ಓದಿ "ಹುಡುಗಿಯರ ವಿಷಯ" ಅಂತ ಮುಂದೆ ಸ್ಕ್ರೋಲ್ ಮಾಡಬೇಡಿ. ಮನೆಯಲ್ಲಿ ಬೈಕಿನ ಚಾವಿ ಇರೋದು ಯಾರ ಹತ್ರ? ಅವ್ವನನ್ನು ಸಂತೆಗೆ ಬಿಟ್ಟು ಬರೋ ಮಗ ಆರೋಗ್ಯ ಕೇಂದ್ರಕ್ಕೂ ಬಿಟ್ಟು ಬರಬಹುದು, ಹೊರಗೆ ನಿಂತು ಮೊಬೈಲ್ ನೋಡಿಕೊಂಡಿರಬಹುದು. ಎಲ್ಲವನ್ನೂ ಬಾಯಿ ಬಿಟ್ಟು ಕೇಳಬೇಕು ಅಂತೇನಿಲ್ಲ.

ಈ ಸಲದ ಅಕ್ಟೋಬರಿಗೆ ರಿಬ್ಬನ್ನಿನ ದುಡ್ಡಿನಲ್ಲಿ ಒಂದು ಹಾಳೆ ಅಚ್ಚು ಹಾಕಿಸೋಣ ಅನ್ನೋದು ನಮ್ಮ ಪ್ರಸ್ತಾಪ. ಗಂಟು, ಚರ್ಮ ಒಳಗೆ ಜಗ್ಗಿದ ಹಾಗೆ ಆಗೋದು, ತೊಟ್ಟು ಹೊಸದಾಗಿ ಒಳಗೆ ಹೋಗೋದು, ತೊಟ್ಟಿನಿಂದ ರಕ್ತ ಬರೋದು – ಇವುಗಳಲ್ಲಿ ಯಾವುದು ಕಂಡರೂ ಈ ವಾರವೇ ತೋರಿಸಿ ಅಂತ ನಮ್ಮ ಕಡೆಯ ಮಾತಿನಲ್ಲೇ ಬರೆಯೋದು. ನಿಪ್ಪಾಣಿ, ಕಾಗವಾಡದ ಎಷ್ಟೋ ಮನೆಗಳಲ್ಲಿ ಅವ್ವ ಅಲ್ಲ, ಆಯಿ. ಅವರಿಗೆ ಮರಾಠಿಯಲ್ಲೂ ಬೇಕು, ಕನ್ನಡ ಸಂಘ ಮರಾಠಿ ಹಾಳೆ ಯಾಕೆ ಮಾಡಬೇಕು ಅಂತ ಯಾರೂ ಕೇಳಬಾರದು. ಹಂಚೋದು ಬಸ್ ಸ್ಟ್ಯಾಂಡಿನಲ್ಲಿ ಅಲ್ಲ, ಹೆಂಗಸರಷ್ಟೇ ಕೂರುವ ಸ್ವಸಹಾಯ ಸಂಘದ ವಾರದ ಮೀಟಿಂಗಿನಲ್ಲಿ, ಆಶಾ ಅಕ್ಕಂದಿರ ಕೈಯಿಂದ. ‘ಸ್ತನ’ ಅಂತ ಬರೆಯಬೇಕೋ, ‘ಎದಿ’ ಅಂತ ಬರೆಯಬೇಕೋ ಅನ್ನೋದನ್ನು ಹಾಸ್ಟೆಲ್ಲಿನಲ್ಲಿ ಕೂತು ನಾವು ತೀರ್ಮಾನಿಸೋದು ಬೇಡ. ದೀಪಾವಳಿಗೆ ಇನ್ನೂ ಟೈಮ್ ಇದೆ, ಅದಕ್ಕಿಂತ ಮೊದಲು ಊರಿಗೆ ಹೋಗುವವರು ಸಂಘದ ಹೆಂಗಸರನ್ನೇ ಕೇಳಿಕೊಂಡು ಬರಲಿ.