ನೀವು ಇವರಿಗೆ ಏನಾಗಬೇಕು?

ಕಳೆದ ತಿಂಗಳು ಆಫೀಸಿನ ಕ್ಯಾಂಟೀನಿನಲ್ಲಿ ಟೀ ಕುಡೀತಾ ಇದ್ದಾಗ ಸಹೋದ್ಯೋಗಿಯೊಬ್ಬ ಕೇಳಿದ: "ನೀವಿಬ್ರೂ ಆರಾಮಾಗಿದ್ದೀರಲ್ಲ ಮೇಡಂ. ಎಲ್ಲಿ ಬೇಕಾದ್ರೂ ಹೋಗ್ತೀರಿ, ಬರ್ತೀರಿ, ಯಾರೂ ಏನೂ ಕೇಳಲ್ಲ. ನಾನೂ ನನ್ನ ಗರ್ಲ್‌ಫ್ರೆಂಡೂ ಲಾಡ್ಜಲ್ಲಿ ರೂಮ್ ಕೇಳೋಕೇ ಹೆದರ್ತೀವಿ. ನಿಮಗೆ ಆ ಕಷ್ಟವೂ ಇಲ್ಲ. ಮತ್ತೆ ಈ ಮದುವೆ, ಕಾನೂನು, ಹಕ್ಕು ಅಂತೆಲ್ಲ ಯಾಕೆ?"

ಅವನು ಒಳ್ಳೆಯ ಹುಡುಗ. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ. ಅದಕ್ಕೇ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನಮ್ಮನ್ನು ಬೈಯುವವರಿಗೆ ಉತ್ತರ ಕೊಡೋದು ಸುಲಭ. ನಮ್ಮ ಸುಖವನ್ನು ನೋಡಿ ಸಂತೋಷಪಟ್ಟು, ಆ ಸುಖವನ್ನೇ ನಮ್ಮ ವಿರುದ್ಧ ಸಾಕ್ಷಿಯಾಗಿ ಬಳಸುವವರಿಗೆ ಏನು ಹೇಳೋದು?

ಮೊದಲು ಅವನ ಮಾತಿನ ಅರ್ಧ ಭಾಗವನ್ನು ಒಪ್ಪಿಕೊಳ್ಳುತ್ತೇನೆ. ಹೌದು, ಆರಾಮಾಗಿದ್ದೇವೆ. ಹದಿನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಭಾನುವಾರ ಯಾರು ಮೊದಲು ಏಳುತ್ತಾರೋ ಅವರು ಡಿಕಾಕ್ಷನ್ ಹಾಕಬೇಕು ಅಂತ ನಮ್ಮಲ್ಲೊಂದು ನಿಯಮ. ಹಾಗಾಗಿ ಇಬ್ಬರೂ ಎಚ್ಚರಾಗಿದ್ದೂ ಕಣ್ಣು ಮುಚ್ಚಿಕೊಂಡು ಒಂಬತ್ತರವರೆಗೆ ಮಲಗಿರುತ್ತೇವೆ. ಅವರೆಕಾಯಿ ಕಾಲದಲ್ಲಿ ಟೀವಿ ಮುಂದೆ ಕೂತು ಎರಡು ಕೇಜಿ ಕಾಳು ಹಿತಕುತ್ತೇವೆ. ಅವಳು ದಾವಣಗೆರೆಯವಳು, ನಾನು ಹಾಸನದ ಕಡೆಯವಳು. "ಇಷ್ಟು ಸಿಪ್ಪೆ ತೆಗೆಯೋ ಹೊತ್ತಿಗೆ ನಾಕು ಮಿರ್ಚಿ ಕರೀಬಹುದಿತ್ತಲ್ಲೇ" ಅಂತ ಪ್ರತಿ ಜನವರಿಯಲ್ಲೂ ಗೊಣಗುತ್ತಾಳೆ, ಸಾರು ಆದಮೇಲೆ ಎರಡನೇ ಸಲ ಬಡಿಸಿಕೊಳ್ಳುತ್ತಾಳೆ. ಒದ್ದೆ ಟವೆಲನ್ನು ಮಂಚದ ಮೇಲೆ ಹಾಕೋದು ಅವಳ ಚಟ. ಅದಕ್ಕೆ ವಾರಕ್ಕೊಂದು ಜಗಳ ಆಡೋದು ನನ್ನ ಚಟ.

ಈ ಮನೆಗೆ ಬರುವಾಗ ಓನರ್ ಆಂಟಿ ಒಂದೇ ಷರತ್ತು ಹಾಕಿದ್ದರು: "ಹೆಣ್ಮಕ್ಕಳು ಅಂತ ಕೊಡ್ತಾ ಇದೀನಿ ಕಣಮ್ಮ, ಗಂಡುಹುಡುಗರನ್ನ ಕರ್ಕೊಂಡು ಬರೋ ಹಾಗಿಲ್ಲ." ಆ ಷರತ್ತನ್ನು ಇವತ್ತಿನವರೆಗೂ ಚಾಚೂ ತಪ್ಪದೆ ಪಾಲಿಸಿದ್ದೇವೆ. ಇಂಥ ಬಾಡಿಗೆದಾರರು ಸಿಕ್ಕಿದ್ದು ನನ್ನ ಪುಣ್ಯ ಅಂತ ಆಂಟಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಎರಡು ದಿನ ರಜೆ ಸಿಕ್ಕರೆ ಬ್ಯಾಗ್ ಹೆಗಲಿಗೇರಿಸಿ ಹೊರಡುತ್ತೇವೆ. ಮಳೆಗಾಲದಲ್ಲಿ ಸಕಲೇಶಪುರ, ನೀರು ಬಿಟ್ಟಾಗ ಶಿವನಸಮುದ್ರ, ಏನೂ ಹೊಳೆಯದಿದ್ದರೆ ಮೈಸೂರು. ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಮೇಲಂತೂ ಕೇಳಲೇಬೇಡಿ. ಕೆಂಪು ಬಸ್ಸು ಹತ್ತುತ್ತೇವೆ, ಆಧಾರ್ ತೋರಿಸುತ್ತೇವೆ, ಕಂಡಕ್ಟರ್ ಎರಡು ಜೀರೋ ಟಿಕೆಟ್ ಹರಿದು ಕೊಡುತ್ತಾರೆ. ರಾಜ್ಯದೊಳಗೆ ನಮ್ಮಿಬ್ಬರ ಪ್ರವಾಸದ ಬಸ್ ಖರ್ಚನ್ನೆಲ್ಲ ಕರ್ನಾಟಕ ಸರ್ಕಾರ ಹೊರುತ್ತಿದೆ. ಯಾವ ಗಂಡ-ಹೆಂಡತಿಗೂ ಇಲ್ಲದ ಸೌಲಭ್ಯ ಇದು, ಅವರಲ್ಲಿ ಒಬ್ಬರು ದುಡ್ಡು ಕೊಡಲೇಬೇಕು!

ಹೀಗೇ ಡಿಸೆಂಬರಿನಲ್ಲಿ ಮೇಲುಕೋಟೆಗೆ ಹೋಗಿದ್ದೆವು. ಮಂಡ್ಯದಲ್ಲಿ ಬಸ್ಸು ಬದಲಾಯಿಸಿ, ಬೆಳಗಿನ ಚಳಿಗೆ ಅವಳ ಶಾಲಿನಲ್ಲಿ ಅರ್ಧ ನಾನೂ ಹೊದ್ದುಕೊಂಡು. ಪುಳಿಯೋಗರೆ ತಿಂದೆವು, ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಿದೆವು. ಆಮೇಲೆ ಅಕ್ಕ-ತಂಗಿ ಕೊಳ ನೋಡೋಕೆ ಹೋದೆವು. ಅಕ್ಕಪಕ್ಕದಲ್ಲೇ ಇರುವ ಎರಡು ಕೊಳಗಳು. ಒಂದರ ನೀರು ಕುಡಿಯೋಕೆ, ಇನ್ನೊಂದರದ್ದು ಬೇರೆ ಕೆಲಸಕ್ಕೆ ಅಂತ ಊರಿನವರು ಹೇಳುತ್ತಾರೆ. ಅಲ್ಲಿ ಹೂ ಮಾರುತ್ತಿದ್ದ ಅಜ್ಜಿ ನಮ್ಮಿಬ್ಬರನ್ನೂ ನೋಡಿ ಕೇಳಿದರು, "ಅಕ್ಕ-ತಂಗೀರೇನ್ರವ್ವಾ?"

"ಹೂಂ ಅಜ್ಜಿ" ಅಂದೆ. ಇವಳು ಮುಖ ತಿರುಗಿಸಿಕೊಂಡು ನಕ್ಕಳು. ಅಜ್ಜಿ ಇಬ್ಬರಿಗೂ ಒಂದೇ ಅಳತೆಯ ಮಲ್ಲಿಗೆ ಕೊಟ್ಟರು. ನೋಡಿ, ನನ್ನ ಸಹೋದ್ಯೋಗಿ ಹೇಳೋದು ಇದನ್ನೇ. ಯಾರೂ ಏನೂ ಕೇಳಲ್ಲ. ಕೇಳಿದರೂ ಉತ್ತರವನ್ನು ಅವರೇ ಕೊಟ್ಟುಕೊಂಡಿರುತ್ತಾರೆ. ನಾವು "ಹೂಂ" ಅಂದರೆ ಆಯಿತು.

ಅವತ್ತು ಮಧ್ಯಾಹ್ನ ಯೋಗನರಸಿಂಹನ ಬೆಟ್ಟ ಇಳಿಯುವಾಗ ಇವಳು ಮೆಟ್ಟಿಲು ತಪ್ಪಿ ಬಿದ್ದಳು. ಪಾದ ಎಲ್ಲೋ, ಕಾಲು ಎಲ್ಲೋ ತಿರುಗಿತ್ತು. ಇಬ್ಬರು ಹುಡುಗರು ಹೆಗಲು ಕೊಟ್ಟು ಕೆಳಗಿಳಿಸಿದರು. ಯಾರದೋ ಕಾರಿನಲ್ಲಿ ಮೈಸೂರಿಗೆ ಹೋಗಿ ಒಂದು ಖಾಸಗಿ ಆಸ್ಪತ್ರೆ ಸೇರಿಸಿದೆ. ಹಿಮ್ಮಡಿಯ ಮೇಲಿನ ಮೂಳೆ ಮುರಿದಿದೆ, ಆಪರೇಷನ್ ಮಾಡಿ ಪ್ಲೇಟ್ ಕೂರಿಸಬೇಕು ಅಂದರು.

"ಪೇಷಂಟ್ ಕಡೆಯವರು ಯಾರು?"

"ನಾನು."

"ನೀವು ಇವರಿಗೆ ಏನಾಗಬೇಕು?"

ಕನ್ನಡದಲ್ಲಿ ಈ ಪ್ರಶ್ನೆಯನ್ನು ಎಷ್ಟು ವಿಚಿತ್ರವಾಗಿ ಕೇಳುತ್ತೇವೆ ಅಂತ ಅವತ್ತೇ ನನಗೆ ಹೊಳೆದದ್ದು. ಏನಾಗಿದ್ದೀರಿ ಅಂತಲ್ಲ, ಏನಾಗಬೇಕು ಅಂತ. ಇನ್ನೂ ಏನಾಗಬೇಕಿತ್ತು ನಾನು? ಅವಳ ಅಪ್ಪ ತೀರಿಕೊಂಡಾಗ ರಾತ್ರಿ ಬಸ್ಸಿನಲ್ಲಿ ಅವಳ ತಲೆ ಹಿಡಿದುಕೊಂಡು ಕೂತವಳು ನಾನು. ಊರಿಗೆ ಹೋದಮೇಲೆ ಮನೆ ಹೊರಗೆ ನಿಂತವಳೂ ನಾನೇ. ಅವಳಿಗೆ ಸಲ್ಫಾ ಮಾತ್ರೆ ಆಗಿಬರಲ್ಲ ಅಂತ ಗೊತ್ತಿರೋದು ನನಗೆ.

ನಾನೇನು ಹೇಳಿದೆ ಗೊತ್ತಾ? "ಅಕ್ಕ" ಅಂದೆ. ಬೆಳಿಗ್ಗೆ ಕೊಳದ ಹತ್ತಿರ ತಮಾಷೆಯಾಗಿ ಹೇಳಿದ ಸುಳ್ಳನ್ನು ಸಂಜೆ ಕೌಂಟರಿನಲ್ಲಿ ಕೈ ನಡುಗುತ್ತಾ ಹೇಳಿದೆ. ಆಯಮ್ಮ ಎರಡೂ ಆಧಾರ್ ಕಾರ್ಡನ್ನು ಪಕ್ಕಪಕ್ಕ ಇಟ್ಟರು. ಅಪ್ಪನ ಹೆಸರು ಬೇರೆ, ಊರು ಬೇರೆ. ಬಸ್ಸಿನಲ್ಲಿ ನಮ್ಮಿಬ್ಬರಿಗೂ ಒಂದೇ ಥರದ ಟಿಕೆಟ್ ಕೊಡಿಸಿದ್ದ ಅದೇ ಕಾರ್ಡು. "ಮೇಡಂ, ರಕ್ತಸಂಬಂಧಿಗಳು ಇದ್ರೆ ಕರೀರಿ. ಇಲ್ಲಾ ಗಂಡ ಇದ್ರೆ."

ಒಂಬತ್ತು ವರ್ಷದಿಂದ ಮಾತು ಬಿಟ್ಟಿರುವ ಅವಳ ಅಣ್ಣನಿಗೆ ಆಸ್ಪತ್ರೆಯವರೇ ಫೋನ್ ಹಚ್ಚಿದರು. ಅವನು ದಾವಣಗೆರೆಯಲ್ಲಿ ಕೂತು ಫಾರಂಗೆ ಸಹಿ ಹಾಕಿ ಫೋಟೋ ಕಳಿಸಿದ. ಅಷ್ಟಾದರೂ ಮಾಡಿದನಲ್ಲ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸ್ಪೀಕರಿನಲ್ಲಿ ಅವನು ಕೇಳಿದ್ದು ನನಗೆ ಕೇಳಿಸಿತು: "ಜೊತೇಲಿ ಯಾರಿದಾರೆ?" ಕೌಂಟರಿನವರು ನನ್ನ ಮುಖವನ್ನೇ ನೋಡುತ್ತಾ ಹೇಳಿದರು, "ಯಾರೋ ಫ್ರೆಂಡ್ ಇದ್ದಾರೆ."

ಹದಿನಾಲ್ಕು ವರ್ಷ ಆದಮೇಲೆ ನಾನು "ಯಾರೋ".

ಇಷ್ಟಕ್ಕೂ ಅವಳಿಗೆ ಪೂರ್ತಿ ಪ್ರಜ್ಞೆ ಇತ್ತು. ವಯಸ್ಸಿಗೆ ಬಂದು ಎಚ್ಚರದಲ್ಲಿರುವ ರೋಗಿಯ ಒಪ್ಪಿಗೆಯನ್ನು ರೋಗಿಯೇ ಕೊಡಬೇಕು, ಅವರ ಬದಲು ತಾಯಿ ಕೊಟ್ಟರೂ ಅದು ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅವಳ ಸಹಿಯೊಂದೇ ಸಾಕಿತ್ತು. ಆದರೆ ನೋವಿನಲ್ಲಿ ಒದ್ದಾಡುತ್ತಿರುವವಳನ್ನು ಪಕ್ಕದಲ್ಲಿಟ್ಟುಕೊಂಡು ಯಾರು ವಾದ ಮಾಡ್ತಾರೆ? ಆ ಹೊತ್ತಿಗೆ ಬೇಕಾಗೋದು ತೀರ್ಪಿನ ಪ್ರತಿ ಅಲ್ಲ. ಕೌಂಟರಿನಲ್ಲಿ ಕೂತವರಿಗೆ ತಟ್ಟನೆ ಅರ್ಥವಾಗುವ ಒಂದೇ ಒಂದು ಪದ. ನಿಮ್ಮ ಹತ್ತಿರ ಅದಿದೆ. "ಗಂಡ" ಅಂದರೆ ಸಾಕು, ಮದುವೆಯಾಗಿ ಎರಡೇ ದಿನ ಆಗಿದ್ದರೂ ಬಾಗಿಲು ತೆಗೆಯುತ್ತದೆ, ಯಾರೂ ಸರ್ಟಿಫಿಕೇಟ್ ಕೇಳಲ್ಲ.

ಈಗ ನನ್ನ ಸಹೋದ್ಯೋಗಿಗೆ ಉತ್ತರ. ಯಾರೂ ಏನೂ ಕೇಳಲ್ಲ ಅನ್ನೋದು ನಿಜ ತಮ್ಮಾ. ಯಾಕೆ ಕೇಳಲ್ಲ ಅಂದರೆ, ಇಬ್ಬರು ಹೆಂಗಸರು ಸಂಸಾರ ಮಾಡಬಹುದು ಅನ್ನೋದು ಯಾರ ತಲೆಗೂ ಬರಲ್ಲ. ನಮ್ಮನ್ನು ಒಪ್ಪಿಕೊಂಡು ಸುಮ್ಮನಿರುವವರು ಬೇರೆ, ನಾವು ಕಾಣದೇ ಸುಮ್ಮನಿರುವವರು ಬೇರೆ. ಇಷ್ಟು ವರ್ಷ ನಾವು ಓಡಾಡಿದ್ದು ಎರಡನೆಯವರ ದಯೆಯಿಂದ. ಬಸ್ಸು ಸರಿಯಾದ ಹೊತ್ತಿಗೆ ಬರುವವರೆಗೆ, ಕಾಲು ಮುರಿಯದಿರುವವರೆಗೆ ಅದು ಚೆನ್ನಾಗಿಯೇ ನಡೆಯುತ್ತೆ. ಆಮೇಲೆ ನಡೆಯಲ್ಲ. ನಮ್ಮ ಸುಖವನ್ನು ನೋಡಿ "ಹಕ್ಕು ಯಾಕೆ" ಅನ್ನೋದು, ಮಳೆ ಬಾರದ ದಿನ ನೋಡಿ "ಸೂರು ಯಾಕೆ" ಅಂದ ಹಾಗೆ.

ಎಲ್ಲರಿಗೂ ಈ ಮಟ್ಟದ ಅದೃಷ್ಟವೂ ಇಲ್ಲ. ಸಂಬಳ, ಬಾಡಿಗೆ ಮನೆ, ಬೆಂಗಳೂರಿನಂಥ ಊರು ಇದ್ದದ್ದರಿಂದ ನಾವು ಬಚಾವಾದೆವು. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಬಂದ ಪ್ರಕರಣ ನೆನಪು ಮಾಡಿಕೊಳ್ಳಿ. ಮನೆಯವರು ಬಲವಂತವಾಗಿ ಹಿಡಿದಿಟ್ಟಿದ್ದ ಯುವತಿಯೊಬ್ಬಳನ್ನು ಬಿಡಿಸಿಕೊಳ್ಳೋಕೆ ಅವಳ ಗೆಳತಿ ಕೋರ್ಟಿಗೇ ಹೋಗಬೇಕಾಯಿತು. ಕುಟುಂಬ ಕಟ್ಟಿಕೊಳ್ಳೋಕೆ ಮದುವೆಯೊಂದೇ ದಾರಿಯಲ್ಲ ಅಂತ ಆ ಕೋರ್ಟು ಹೇಳಿತು. ಒಳ್ಳೆಯ ಮಾತು. ಆದರೆ ಜೊತೆಯಲ್ಲಿ ಬದುಕೋಕೆ ಹೈಕೋರ್ಟಿನವರೆಗೆ ಹೋಗಬೇಕಾದವರು ವೀಕೆಂಡ್ ಟ್ರಿಪ್ ಬಗ್ಗೆ ಯಾವಾಗ ಯೋಚಿಸಬೇಕು?

"2018ರಲ್ಲೇ 377 ಹೋಯ್ತಲ್ಲ" ಅಂತೀರಿ. ಹೋಯ್ತು, ಸೆಪ್ಟೆಂಬರ್ 6ರಂದು. ಅವತ್ತು ನಾವಿಬ್ಬರೂ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಳಿಗೆ ತಿಂದೆವು. ಆದರೆ ಆ ತೀರ್ಪು ನಾವು ಅಪರಾಧಿಗಳಲ್ಲ ಅಂದಿತೇ ಹೊರತು ಒಬ್ಬರಿಗೊಬ್ಬರು ಏನಾಗಬೇಕು ಅಂತ ಹೇಳಲಿಲ್ಲ. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳು ಮದುವೆ ಮೂಲಭೂತ ಹಕ್ಕಲ್ಲ, ಆ ಕಾನೂನು ಮಾಡೋದು ಶಾಸಕಾಂಗದ ಕೆಲಸ ಅಂದರು. 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಇಲಾಖೆ, ನಮ್ಮಂಥವರು ಜಂಟಿ ಬ್ಯಾಂಕ್ ಖಾತೆ ತೆರೆಯೋಕೆ, ಸಂಗಾತಿಯನ್ನು ನಾಮಿನಿ ಮಾಡೋಕೆ ಅಡ್ಡಿಯಿಲ್ಲ ಅಂತ ಸ್ಪಷ್ಟಪಡಿಸಿತು. ಸತ್ತಮೇಲೆ ದುಡ್ಡು ಯಾರಿಗೆ ಅನ್ನೋದಕ್ಕೆ ಉತ್ತರ ಸಿಕ್ಕಿತು. ಬದುಕಿರುವಾಗ ಕೌಂಟರಿನಲ್ಲಿ ಕೇಳುವ ಪ್ರಶ್ನೆ ಹಾಗೇ ಇದೆ.

ಇನ್ನೊಂದು ಮಾತು ಸಾಮಾನ್ಯ. "ನಿಮ್ಮ ಬೆಡ್‌ರೂಮ್ ವಿಷಯ ಊರಿಗೆಲ್ಲ ಯಾಕೆ ಹೇಳ್ತೀರಿ?" ಸ್ವಾಮಿ, ನಾನು ಇಷ್ಟು ಹೊತ್ತು ಹೇಳಿದ್ದು ಅವರೆಕಾಳಿನ ವಿಷಯ, ಬಸ್ಸಿನ ವಿಷಯ, ಮುರಿದ ಕಾಲಿನ ವಿಷಯ. ನಿಮ್ಮ ಡೆಸ್ಕಿನ ಮೇಲೆ ಹೆಂಡತಿಯ ಫೋಟೋ ಇದೆ, ಹನಿಮೂನ್ ಆಲ್ಬಂ ಫೇಸ್‌ಬುಕ್ಕಿನಲ್ಲಿದೆ. ಅದನ್ನು ನೋಡಿದಾಗ ನನಗೆ ನಿಮ್ಮ ಬೆಡ್‌ರೂಮ್ ನೆನಪಾಗಲ್ಲ. ನಮ್ಮನ್ನು ನೋಡಿದಾಗ ನಿಮಗೆ ನೆನಪಾದರೆ ಅದಕ್ಕೆ ನಾನೇನು ಮಾಡಲಿ?

ಸಂಸತ್ತು ಯಾವಾಗ ಕಾನೂನು ಮಾಡುತ್ತೋ ಮಾಡಲಿ. ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರುವ ಕೆಲಸಗಳಿವೆ. ನಿಮ್ಮಲ್ಲಿ ಎಚ್‌ಆರ್‌ನಲ್ಲಿರುವವರು ಆಫೀಸಿನ ಇನ್ಶೂರೆನ್ಸ್ ಫಾರಂನಲ್ಲಿ "ಸ್ಪೌಸ್" ಜೊತೆ "ಪಾರ್ಟ್‌ನರ್" ಅಂತ ಸೇರಿಸುವ ಬಗ್ಗೆ ಇನ್ಶೂರೆನ್ಸ್ ಕಂಪನಿಯನ್ನು ಕೇಳಿ. ಬೆಂಗಳೂರಿನ ಕೆಲವು ಕಂಪನಿಗಳು ಆಗಲೇ ಇದನ್ನು ಮಾಡಿವೆ. ಆಸ್ಪತ್ರೆಗೆ ಸಾಫ್ಟ್‌ವೇರ್ ಬರೆಯುವವರು "ಸಂಬಂಧ" ಅನ್ನೋ ಕಾಲಂನಲ್ಲಿ ತಂದೆ, ಗಂಡ ಬಿಟ್ಟು ಮೂರನೆಯದೂ ಇರಬಹುದು ಅಂತ ಯೋಚಿಸಿ. ಡಾಕ್ಟರುಗಳು ರೋಗಿಯನ್ನೇ ಕೇಳಿ, "ನಿಮ್ಮವರು ಯಾರು?" ಅವಳು ಬೆರಳು ತೋರಿಸಿದವರೇ ಅವಳವರು. ಇದಕ್ಕೆ ಯಾವ ಮಸೂದೆಯೂ ಬೇಕಿಲ್ಲ.

ಕನ್ನಡಕ್ಕಂತೂ ಪದದ ಕೊರತೆ ಇಲ್ಲ. ನಮ್ಮ ಅಜ್ಜಿಯರು ಗಂಡನ ಹೆಸರು ಹೇಳುತ್ತಿರಲಿಲ್ಲ, "ನಮ್ಮನೆಯವರು" ಅನ್ನುತ್ತಿದ್ದರು. ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ, ತಾಳಿಯೂ ಇಲ್ಲ. ನಮ್ಮ ಮನೆಯಲ್ಲಿ ಇರುವವರು, ಅಷ್ಟೇ.

ಪ್ಲೇಟ್ ಹಾಕಿದ ಕಾಲು ಈಗ ನೆಟ್ಟಗಾಗಿದೆ. ಬರುವ ಡಿಸೆಂಬರಿನಲ್ಲಿ ಮತ್ತೆ ಮೇಲುಕೋಟೆಗೆ ಹೋಗೋಣ ಅಂತ ಅವಳ ಹಟ. ಬೆಟ್ಟ ಬೇಡ ಕಣೇ, ಪುಳಿಯೋಗರೆ ತಿಂದು ಬಂದುಬಿಡೋಣ ಅಂತ ನನ್ನದು. ಜಗಳ ನಡೀತಾ ಇದೆ, ಅವಳೇ ಗೆಲ್ಲೋದು. ಆ ಅಜ್ಜಿ ಇನ್ನೂ ಅಲ್ಲೇ ಹೂ ಮಾರುತ್ತಿದ್ದು, ಮತ್ತೆ ಅದೇ ಪ್ರಶ್ನೆ ಕೇಳಿದರೆ ಈ ಸಲ "ಹೂಂ" ಅನ್ನಲ್ಲ. "ಅಲ್ಲ ಅಜ್ಜಿ, ಇವಳು ನಮ್ಮನೆಯವಳು" ಅಂತೀನಿ. ಮಲ್ಲಿಗೆಯ ಅಳತೆ ಕಮ್ಮಿಯಾಗುತ್ತಾ ನೋಡೋಣ.