ಚಳಿ ಕಾಯುವ ಚೀಲ

ಡಿಸೆಂಬರ್ ರಜೆ ಹತ್ತಿರವಾಗುತ್ತಲೇ ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳಲ್ಲಿ ಒಂದು ಚರ್ಚೆ ಏಳುವುದುಂಟು. ಕಾಲೇಜಿನ ಮಗನೋ ಮಗಳೋ ಗೆಳೆಯರೊಡನೆ ಹಿಮಾಲಯಕ್ಕೆ ಹೊರಟಿರುತ್ತಾರೆ. ಉತ್ತರಾಖಂಡದ ಸಾಂಕ್ರಿ ಎಂಬ ಹಳ್ಳಿಯಿಂದ ಕೇದಾರಕಂಠ ಶಿಖರಕ್ಕೆ ಏರುವ ದಾರಿ ಚಳಿಗಾಲದ ಚಾರಣಿಗರಿಗೆ ಬಹು ಪ್ರಿಯವಾದುದು. ಸುಮಾರು 12,500 ಅಡಿ ಎತ್ತರ, ಕಾಲ ಕೆಳಗೆ ಹಿಮ, ರಾತ್ರಿ ಗುಡಾರದಲ್ಲಿ ವಾಸ. ಹೊರಟವರ ಕಣ್ಣಿಗೆ ಶಿಖರ ಕಂಡರೆ ಹೆತ್ತವರ ಕಣ್ಣಿಗೆ ಕಾಣುವುದು ಆ ರಾತ್ರಿ. “ಎರಡು ರಗ್ಗು ಇಟ್ಟುಕೋ ಮಗು” ಎಂದು ಅಜ್ಜಿ ಹೇಳಿದರೆ, “ಸ್ಲೀಪಿಂಗ್ ಬ್ಯಾಗ್ ಕೊಂಡರಾಯಿತು ಬಿಡಿ ಅಜ್ಜಿ” ಎಂದು ಉತ್ತರ ಬರುತ್ತದೆ. ಕೊಂಡರಾಯಿತು, ನಿಜ, ಆದರೆ ಎಂತಹುದನ್ನು?

ಚೀಲ ತಾನಾಗಿ ಕಾವನ್ನು ಕೊಡತಕ್ಕ ವಸ್ತುವಲ್ಲ. ಒಳಗೆ ಮಲಗಿದವರ ಮೈಯೇ ಒಲೆ. ಬಾತುಕೋಳಿಯ ಎದೆಯ ಮೃದುವಾದ ತುಪ್ಪುಳು, ಇಲ್ಲವೆ ಕೃತಕ ನೂಲಿನ ಎಳೆಗಳು, ತಮ್ಮ ನಡುವೆ ಗಾಳಿಯನ್ನು ಕದಲದಂತೆ ಹಿಡಿದಿಟ್ಟು ಆ ಒಲೆಯ ಕಾವನ್ನು ಕಾಯುತ್ತವೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಂಗಡಿಯಲ್ಲಿ ಮೋಸಹೋಗುವ ಸಂಭವ ಅರ್ಧ ಕಡಿಮೆಯಾಗುತ್ತದೆ.

ಮಧ್ಯಮ ವರ್ಗದ ಸಂಸಾರಗಳಲ್ಲಿ ಒಂದು ಹಳೆಯ ಲೆಕ್ಕಾಚಾರವಿದೆ: ದೊಡ್ಡದನ್ನೇ ತಂದರೆ ಅಣ್ಣನಿಗೂ ಆಯಿತು, ತಂಗಿಗೂ ಆಯಿತು. ಅಂಗಿಯ ವಿಷಯದಲ್ಲಿ ಇದು ನಡೆದೀತು, ಇಲ್ಲಿ ನಡೆಯದು. ಐದು ಅಡಿ ಎರಡಂಗುಲದ ಹುಡುಗಿಗೆ ಆರಡಿಯ ಆಳಿನ ಚೀಲವನ್ನು ಕೊಟ್ಟರೆ, ಕಾಲ ಬಳಿ ಉಳಿಯುವ ಬರಿದಾದ ಜಾಗವನ್ನು ಅವಳ ಮೈಯೇ ಬೆಚ್ಚಗೆ ಮಾಡಬೇಕಾಗುತ್ತದೆ. ಬೆಳಗಿನವರೆಗೆ ಪಾದ ತಣ್ಣಗೇ ಉಳಿಯುತ್ತದೆ. ಹಾಗೆಂದು ಬಿಗಿಯಾದುದೂ ಬೇಡ. ಹೆಗಲೋ ಮೊಣಕಾಲೋ ಒತ್ತಿದ ಕಡೆ ತುಪ್ಪುಳು ಅಮುಕಿ ತೆಳ್ಳಗಾಗಿ ಅಲ್ಲಿಂದಲೇ ಚಳಿ ನುಗ್ಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಇಲ್ಲಿ ತಿರುಗಿಸಿ ಓದಬೇಕು. ಕಾಲಿಗಿಂತ ಅರ್ಧ ಅಡಿಯಷ್ಟು ಉದ್ದವಾದ ಹಾಸಿಗೆಯನ್ನೇ ಆರಿಸಬೇಕು. ಮಗ್ಗುಲಾಗಿ ಮುದುಡಿ ಮಲಗುವ ಅಭ್ಯಾಸವುಳ್ಳವರಿಗೆ, ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತಾಗುವವರಿಗೆ, ಅಗಲವಾದ ಚೀಲವೇ ಲೇಸು. ಅಂಥವರು ತುಪ್ಪುಳು ಹೆಚ್ಚು ತುಂಬಿದುದನ್ನು ಕೊಂಡು, ಉಳಿದ ಜಾಗಕ್ಕೆ ಮರುದಿನದ ಒಣಬಟ್ಟೆಗಳನ್ನು ತುರುಕಿಕೊಳ್ಳಬಹುದು.

ಜಾಗ ತುಂಬಿರಬೇಕೆಂಬ ಈ ಗುಟ್ಟು ಹಳಬರಿಗೂ ತಿಳಿದಿತ್ತು. 1888ರಲ್ಲಿ ನಾರ್ವೆಯ ನಾನ್ಸೆನ್ ಐವರು ಸಂಗಡಿಗರೊಡನೆ ಗ್ರೀನ್‌ಲೆಂಡಿನ ಹಿಮವನ್ನು ದಾಟಿದಾಗ, ಆರು ಮಂದಿಗೆ ಹಿಮಸಾರಂಗದ ಚರ್ಮದ ಎರಡೇ ಚೀಲಗಳಿದ್ದುವು. ಒಂದೊಂದರಲ್ಲಿ ಮೂವರು! ಒಬ್ಬನ ಗೊರಕೆ ಇಬ್ಬರಿಗೆ ಶಿಕ್ಷೆಯಾಗಿದ್ದೀತು. ಕಾವು ಮಾತ್ರ ಮೂವರ ಪಾಲಿನದಾಯಿತು.

ಆದರೆ ತೇವ ಸೇರಿದರೆ ಎಂಥ ಚೀಲವೂ ಕೆಟ್ಟಂತೆಯೇ. 1911ರ ಜೂನ್ ತಿಂಗಳಲ್ಲಿ ವಿಲ್ಸನ್, ಬೋವರ್ಸ್, ಚೆರಿ-ಗೆರಾರ್ಡ್ ಎಂಬ ಮೂವರು ಎಂಪರರ್ ಪೆಂಗ್ವಿನ್ನಿನ ಮೊಟ್ಟೆಗಳನ್ನು ಅರಸಿ ಅಂಟಾರ್ಕ್ಟಿಕದ ಕಗ್ಗತ್ತಲಲ್ಲಿ ಹೊರಟರು. ಬೆವರು, ಉಸಿರಿನ ಪಸೆಗಳೆಲ್ಲ ಅವರ ಚೀಲಗಳಲ್ಲೇ ಹೆಪ್ಪುಗಟ್ಟಿ, ದಿನದಿನಕ್ಕೂ ತೂಕ ಏರಿತು. ರಾತ್ರಿ ಮಲಗಬೇಕಾದರೆ ಹಲಗೆಯಂತೆ ಸೆಟೆದ ಚರ್ಮವನ್ನು ಮೈಯ ಕಾವಿನಿಂದಲೇ ಅಂಗುಲ ಅಂಗುಲವಾಗಿ ಕರಗಿಸುತ್ತ ಒಳಸೇರಬೇಕಾಗಿತ್ತು. ಆದುದರಿಂದ ಮೂಗು ಬಾಯಿಗಳನ್ನು ಚೀಲದ ಹೊರಗಿಟ್ಟೇ ಉಸಿರಾಡಬೇಕು. ನಡೆದು ಬೆವರಿದ ಬಟ್ಟೆಯಲ್ಲಿ ಮಲಗಕೂಡದು. ತುಪ್ಪುಳು ಹಗುರ, ಆದರೆ ನೆನೆದರೆ ಮುದ್ದೆಯಾಗುತ್ತದೆ. ಕೃತಕ ನೂಲು ತುಸು ಭಾರ. ನೆನೆದರೂ ಒಂದಿಷ್ಟು ಕಾಯುತ್ತದೆ, ಬೆಲೆಯೂ ಕಡಿಮೆ.

ಇನ್ನು ಎಲ್ಲಕ್ಕಿಂತ ಅಪಾಯದ ಸಂಗತಿ, ಚೀಟಿಯ ಮೇಲಿನ ಅಂಕಿ. ಯೂರೋಪಿನಲ್ಲಿ 2002ರಲ್ಲಿ ಬಂದು, ಆಮೇಲೆ ಅಂತರರಾಷ್ಟ್ರೀಯ ಮಾನದಂಡವಾದ ಪರೀಕ್ಷೆಯ ಪ್ರಕಾರ ಚಳಿಗೆ ಸಂಬಂಧಿಸಿದ ಅಂಕಿಗಳು ಮೂರು. ‘ಕಂಫರ್ಟ್’ ಎಂದರೆ ಸಾಮಾನ್ಯ ಮೈಕಟ್ಟಿನ ಹೆಂಗಸು ಹಾಯಾಗಿ ನಿದ್ರಿಸಬಹುದಾದ ಉಷ್ಣತೆ. ‘ಲಿಮಿಟ್’ ಎಂದರೆ ಗಂಡಸು ಮುದುಡಿಕೊಂಡು ರಾತ್ರಿ ಕಳೆಯಬಹುದಾದುದು. ‘ಎಕ್ಸ್‌ಟ್ರೀಮ್’ ಎಂಬುದು ನಿದ್ರೆಯ ಲೆಕ್ಕವೇ ಅಲ್ಲ. ಕೆಲವು ಗಂಟೆ ಜೀವ ಉಳಿದೀತು ಎಂಬ ಲೆಕ್ಕ. ಕೆಲವು ಮಾರಾಟಗಾರರು ದಪ್ಪಕ್ಷರಗಳಲ್ಲಿ ಅಚ್ಚುಹಾಕುವುದು ಈ ಮೂರನೆಯದನ್ನೇ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುವ ಕಡೆಗೆ ಮಗಳನ್ನು ಕಳುಹಿಸುವ ತಂದೆ ಮೊದಲನೆಯ ಅಂಕಿಯನ್ನು ಕೇಳಿ ತಿಳಿದುಕೊಳ್ಳಬೇಕು. ಅಂಗಡಿಯವನು ತಡವರಿಸಿದರೆ ಬೇರೆ ಅಂಗಡಿ ನೋಡುವುದು ಕ್ಷೇಮ.

ಕೊಳ್ಳುವ ಮುನ್ನ, ಸಂಕೋಚ ಬಿಟ್ಟು, ಅಂಗಡಿಯ ನೆಲದ ಮೇಲೆಯೇ ಒಳಹೊಕ್ಕು ಮಲಗಿ ನೋಡಬೇಕು. ಕುತ್ತಿಗೆಯ ಬಳಿ ಎಳೆದು ಕಟ್ಟುವ ದಾರವಿದೆಯೆ, ಜಿಪ್ಪಿನ ಹಿಂದೆ ಗಾಳಿ ತಡೆಯುವ ಪಟ್ಟಿಯಿದೆಯೆ ಎಂಬುದನ್ನು ಆಗಲೇ ಪರೀಕ್ಷಿಸಬಹುದು. ಬೆನ್ನ ಕೆಳಗಿನ ತುಪ್ಪುಳು ಮೈಭಾರಕ್ಕೆ ಚಪ್ಪಟೆಯಾಗುವುದರಿಂದ ಹಾಸಲು ದಪ್ಪನೆಯ ಫೋಮಿನ ಚಾಪೆಯೂ ಬೇಕೇ ಬೇಕು.

ಒಂದೇ ಪ್ರವಾಸಕ್ಕೆ ಅಷ್ಟು ಹಣವೇಕೆಂದು ಬಾಡಿಗೆಗೆ ಪಡೆಯುವವರೂ ಇದ್ದಾರೆ, ತಪ್ಪೇನಿಲ್ಲ. ಅನೇಕರು ಮಲಗೆದ್ದ ಆ ಚೀಲದೊಳಕ್ಕೆ ತಮ್ಮದೇ ಆದ ಅಸ್ತರಿಯೊಂದಿದ್ದರೆ ಚೊಕ್ಕಟವೂ ಹೌದು, ತುಸು ಬೆಚ್ಚಗೂ ಹೌದು. ಅಜ್ಜಿಯ ಹಳೆಯ ರೇಷ್ಮೆ ಸೀರೆಯನ್ನು ಮಡಚಿ ಎರಡು ಬದಿ ಹೊಲಿದರೆ ಅದು ಸಿದ್ಧವಾಗುತ್ತದೆ; ಅಂಚಿನ ಜರಿ ಮಾತ್ರ ಮೈಗೆ ಚುಚ್ಚದಂತೆ ಮೊದಲೇ ಬಿಚ್ಚಿ ತೆಗೆಯಬೇಕು.